ಬೀಗ, ಬಾಡಿಗೆ, ಮಾರಾಟ: ಊರಿನ ಮನೆಗೆ ಯಾವುದು ಸರಿ?

ಜುಲೈ ತಿಂಗಳ ಒಂದು ಬೆಳಿಗ್ಗೆ ಊರಿನ ಪಕ್ಕದ ಮನೆಯವರ ಫೋನ್ ಬಂತು. "ನಿಮ್ಮ ಅಡುಗೆಮನೆ ಮಾಡು ಒಂದು ಬದಿ ಕೂತಿದೆ, ಬಂದು ನೋಡ್ಕೊಂಡು ಹೋಗಿ." ಮಾಡು ಅಂದರೆ ನಮ್ಮ ಕಡೆ ಛಾವಣಿ. ಶಿರಸಿಯಿಂದ ಒಳಗೆ ಹನ್ನೆರಡು ಕಿಲೋಮೀಟರ್ ದೂರದ ಹಂಚಿನ ಮನೆ ಅದು. ಅಮ್ಮ ಕಾರವಾರಕ್ಕೆ ನಮ್ಮ ಜೊತೆ ಬಂದ ಮೇಲೆ ಬೀಗ ಹಾಕಿದ್ದೆವು. ಆಗಿದ್ದಿಷ್ಟೇ: ಮಂಗಗಳು ಹಾರಾಡಿ ನಾಲ್ಕು ಹಂಚು ಸರಿದಿದ್ದವು. ಮನೆಯಲ್ಲಿ ಜನ ಇದ್ದಿದ್ದರೆ ಅದೇ ಸಂಜೆ ಯಾರಾದರೂ ಏಣಿ ಇಟ್ಟು ಸರಿ ಮಾಡುತ್ತಿದ್ದರು. ಯಾರೂ ಇರಲಿಲ್ಲ. ಎರಡು ಮಳೆಗಾಲ ನೀರು ಅದೇ ಜಾಗದಲ್ಲಿ ಇಳಿಯಿತು. ಹಂಚಿನ ಕೆಳಗಿನ ರೀಪು ಕೊಳೆಯಿತು, ಅದನ್ನು ಹೊತ್ತ ಪಕಾಸಿಗೆ ಒರಲೆ (ಗೆದ್ದಲು) ಹಿಡಿಯಿತು, ಮೂರನೇ ಮಳೆಗೆ ಮಾಡು ಕೂತಿತು.

ಅವತ್ತು ಘಟ್ಟ ಹತ್ತುವಾಗ ತಲೆಯಲ್ಲಿ ಒಂದೇ ವಿಷಯ ಓಡುತ್ತಿತ್ತು. ಮನೆಯನ್ನು "ಇಟ್ಟುಕೊಂಡಿದ್ದೇವೆ" ಅಂತ ನಾವು ನೆಂಟರ ಮುಂದೆ ಹೇಳುತ್ತಾ ಇದ್ದೆವು. ನಾವು ಏನನ್ನೂ ತೀರ್ಮಾನ ಮಾಡಿರಲಿಲ್ಲ ಅನ್ನೋದು ಸತ್ಯ. ನಮ್ಮ ಬದಲು ಮಳೆ ತೀರ್ಮಾನ ಮಾಡುತ್ತಾ ಇತ್ತು.

ಇದೇ ಪರಿಸ್ಥಿತಿಯಲ್ಲಿ ಇರುವವರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬೇಕಾದಷ್ಟು ಜನ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಅಪ್ಪ-ಅಮ್ಮ ಒಬ್ಬರೇ, ಇಲ್ಲಾ ಮನೆಯೇ ಖಾಲಿ. ಮುಂದಿರುವ ದಾರಿಗಳು ನಾಲ್ಕು: ಬೀಗ ಹಾಕಿ ಇಟ್ಟುಕೊಳ್ಳೋದು, ಬಾಡಿಗೆಗೆ ಕೊಡೋದು, ಹೋಂಸ್ಟೇ ಮಾಡೋದು, ಮಾರೋದು. ನಾನು ಇದರಲ್ಲಿ ಮೂರನ್ನು ಕೈಯಾರೆ ಮಾಡಿ ನೋಡಿದ್ದೇನೆ.

ಸ್ವಂತ ಮನೆಯ ಲಾಭ ಯಾರಿಗೆ?

ಸ್ವಂತ ಮನೆಯ ಸುಖ ಏನು ಅಂತ ಹೊಸದಾಗಿ ಹೇಳಬೇಕಾಗಿಲ್ಲ. ಮಾಲೀಕ ಬಂದು ಖಾಲಿ ಮಾಡಿ ಅನ್ನೋದಿಲ್ಲ. ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲ. ಕಷ್ಟಕ್ಕೆ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತೆಗೆಯಬಹುದು. ನಮ್ಮ ಕಡೆ ಇನ್ನೂ ಸ್ವಲ್ಪ ಜಾಸ್ತಿ ಇದೆ: ಬಾವಿ ನೀರು, ಹಿತ್ತಲ ತೆಂಗು, ಎರಡು ಮಾವಿನ ಮರ, ಒಂದು ಹಲಸು. ತಿಂಗಳ ಸಂತೆ ಖರ್ಚಿನಲ್ಲಿ ಇದು ಲೆಕ್ಕಕ್ಕೆ ಸಿಗದ ಉಳಿತಾಯ.

ಆದರೆ ಈ ಎಲ್ಲ ಲಾಭ ಮನೆಯಲ್ಲಿ ವಾಸ ಇರುವವರಿಗೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುತ್ತಾ ಶಿರಸಿಯಲ್ಲಿ ಮನೆ ಇಟ್ಟುಕೊಂಡವರಿಗೆ ಸಿಗೋದು ಚೌತಿಗೆ ನಾಲ್ಕು ದಿನ, ದೀಪಾವಳಿಗೆ ಮೂರು ದಿನ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಇನ್ನೆರಡು ದಿನ. ಇದು ಬೇಡ ಅಂತ ನಾನು ಹೇಳೋದಿಲ್ಲ. ಆ ಏಳೆಂಟು ದಿನಕ್ಕಾಗಿಯೇ ಮನೆ ಇಟ್ಟುಕೊಂಡಿರುವ ಅಣ್ಣತಮ್ಮಂದಿರು ನನಗೆ ಗೊತ್ತು. ಅವರು ಅದಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಬರೆದಿಟ್ಟು, ಮೂರು ಪಾಲು ಮಾಡಿ, ಪ್ರತಿ ಮೇ ತಿಂಗಳಿಗೆ ಮುಂಚೆ ಕೊಡುತ್ತಾರೆ. ಹಾಗೆ ಇಟ್ಟುಕೊಳ್ಳೋದಾದರೆ ಸರಿ. ಬೀಗದ ಕೈ ಒಬ್ಬರ ಹತ್ತಿರ, ಖರ್ಚಿನ ಚಿಂತೆ ಯಾರ ಹತ್ತಿರವೂ ಇಲ್ಲ ಅಂದರೆ ನನ್ನ ಅಡುಗೆಮನೆ ಕಥೆಯೇ ಆಗೋದು.

ಬೀಗ ಹಾಕಿದ ಮನೆಯ ಖರ್ಚು

ಘಟ್ಟದ ಮೇಲೆ ಒಂದು ರೋಗ, ಕೆಳಗೆ ಇನ್ನೊಂದು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಗೆ ಶತ್ರು ಅಂದರೆ ಹಂಚು ಸರಿಯೋದು ಮತ್ತು ಒರಲೆ. ಮೇ ತಿಂಗಳಲ್ಲಿ ಒಮ್ಮೆ ಹಂಚು ಕೈಯಾಡಿಸಲೇಬೇಕು. ಗಾಳಿಮಳೆ ಹೊಡೆಯುವ ಬದಿಗೆ ತಟ್ಟಿ ಕಟ್ಟಬೇಕು. ತಿಂಗಳಿಗೆ ಒಂದೆರಡು ಸಲ ಬಾಗಿಲು ತೆಗೆದು ಗಾಳಿ ಆಡಿಸಬೇಕು, ಸಾಧ್ಯವಾದರೆ ಒಲೆ ಹಚ್ಚಿ ಹೊಗೆ ಎಬ್ಬಿಸಬೇಕು. ಒಲೆ ಹೊಗೆ ತಾಗುವ ಮಾಡಿಗೆ ಹುಳ ಬರೋದಿಲ್ಲ ಅಂತ ಹಿರಿಯರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ. ನಮ್ಮ ಮನೆಯಲ್ಲಿ ಕೂಡ ಅಡುಗೆಮನೆ ಮಾಡೇ ಮೊದಲು ಹೋಗಿದ್ದು, ಅಲ್ಲಿ ಒಲೆ ಆರಿತ್ತಲ್ಲ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಕಾಂಕ್ರೀಟ್ ಮನೆ ಜಾಸ್ತಿ. ಅಲ್ಲಿ ಶತ್ರು ಉಪ್ಪುಗಾಳಿ. ಕಿಟಕಿಯ ಸರಳು ಮೊದಲು ತುಕ್ಕು ಹಿಡಿಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಕಾಣದ್ದು ಸ್ಲ್ಯಾಬ್ ಒಳಗಿನ ಕಬ್ಬಿಣ. ಬಿರುಕಿನಲ್ಲಿ ನೀರು ಇಳಿದು ಸರಳು ತುಕ್ಕು ಹಿಡಿದರೆ ಅದು ಉಬ್ಬುತ್ತದೆ. ಉಬ್ಬಿದ ಸರಳು ಕೆಳಗಿನ ಸಿಮೆಂಟನ್ನು ಒದ್ದು ಬೀಳಿಸುತ್ತದೆ. ಕಾರವಾರದ ಅರ್ಧ ಮನೆಗಳ ಟೆರೇಸ್ ಮೇಲೆ ಶೀಟಿನ ಮಾಡು ಏಕೆ ಇದೆ ಅಂತ ಹೊರಗಿನವರು ಕೇಳುತ್ತಾರೆ. ಒಂದು ಮಳೆಗಾಲ ಇಲ್ಲಿ ಇದ್ದರೆ ಆ ಪ್ರಶ್ನೆ ಕೇಳೋದಿಲ್ಲ.

ಇದರ ಮೇಲೆ ಮನೆ ತೆರಿಗೆ, ಹೆಸ್ಕಾಂ ಮೀಟರಿನ ಕನಿಷ್ಠ ಬಿಲ್ಲು, ನೋಡಿಕೊಳ್ಳುವವರಿಗೆ ಸಂಬಳ, ಅಂಗಳದ ಕಳೆ ಕೀಳಿಸೋದು. ಯಾವುದೂ ದೊಡ್ಡದಲ್ಲ. ವರ್ಷದ ಕೊನೆಗೆ ಕೂಡಿಸಿದಾಗ ಮಾತ್ರ ಬಾಯಿ ಒಣಗುತ್ತದೆ.

ಬಾಡಿಗೆ: ಕಾರವಾರಕ್ಕೆ ಸರಿ, ಹಳ್ಳಿಗೆ ಕಷ್ಟ

ಕಾರವಾರ ಜಿಲ್ಲಾಕೇಂದ್ರ. ವರ್ಗವಾಗಿ ಬರುವ ಸರ್ಕಾರಿ ನೌಕರರು, ವೈದ್ಯಕೀಯ ಕಾಲೇಜಿನವರು, ನೌಕಾನೆಲೆಯ ಗುತ್ತಿಗೆ ಕೆಲಸಕ್ಕೆ ಬರುವವರು, ಹೀಗೆ ಬಾಡಿಗೆಗೆ ಕೇಳುವವರು ಇದ್ದೇ ಇರುತ್ತಾರೆ. ಶಿರಸಿ ಪೇಟೆಯಲ್ಲೂ ಮಕ್ಕಳ ಶಾಲೆ-ಕಾಲೇಜಿಗಾಗಿ ಹಳ್ಳಿಯಿಂದ ಬಂದು ಮನೆ ಹಿಡಿಯುವವರು ಇದ್ದಾರೆ. ಒಳಗಿನ ಹಳ್ಳಿಯಲ್ಲಿ ಮಾತ್ರ ಬಾಡಿಗೆದಾರ ಸಿಗೋದಿಲ್ಲ. ಅಲ್ಲಿ ನೀವು ಹುಡುಕಬೇಕಾದದ್ದು ಬಾಡಿಗೆ ಕೊಡುವವರನ್ನಲ್ಲ, ದೀಪ ಹಚ್ಚುವವರನ್ನು. ಯಾವುದಾದರೂ ನಂಬಿಕೆಯ ಕುಟುಂಬ ಬಾಡಿಗೆ ಇಲ್ಲದೆ ಇದ್ದು ಮನೆ ನೋಡಿಕೊಂಡರೂ ನಿಮಗೆ ಲಾಭವೇ.

ಆದಾಯದ ಲೆಕ್ಕ ಒಮ್ಮೆ ಮಾಡಿ ನೋಡಿ. ಮನೆಯ ಬೆಲೆ 60 ಲಕ್ಷ, ಬಾಡಿಗೆ ತಿಂಗಳಿಗೆ 12 ಸಾವಿರ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 1.44 ಲಕ್ಷ, ಅಂದರೆ 2.4 ಪರ್ಸೆಂಟ್. ರಿಪೇರಿ ಕಳೆದರೆ ಇನ್ನೂ ಕಡಿಮೆ. ಬ್ಯಾಂಕ್ ಠೇವಣಿ ಇದಕ್ಕಿಂತ ಜಾಸ್ತಿ ಕೊಡುತ್ತದೆ. ಹಾಗಾದರೆ ಬಾಡಿಗೆಗೆ ಏಕೆ ಕೊಡೋದು? ಎರಡು ಕಾರಣ. ಜಾಗದ ಬೆಲೆ ಮೇಲೆ ಹೋಗುವ ಆಸೆ ಒಂದು. ಇನ್ನೊಂದು, ಜನ ಇರುವ ಮನೆ ಹಾಳಾಗೋದಿಲ್ಲ. ನನಗೆ ಎರಡನೆಯದೇ ಮುಖ್ಯ. ತೆರಿಗೆಯಲ್ಲೂ ಸ್ವಲ್ಪ ಅನುಕೂಲ ಇದೆ: ಮುನ್ಸಿಪಾಲಿಟಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ 30 ಪರ್ಸೆಂಟನ್ನು ರಿಪೇರಿ ಖರ್ಚಿನ ರಸೀದಿ ಕೇಳದೆಯೇ ಬಿಟ್ಟುಬಿಡುತ್ತಾರೆ.

ನಮ್ಮ ಕಡೆ ಹಿರಿಯರಿಗೆ ಬಾಡಿಗೆ ಅಂದರೇ ಭಯ. "ಕೊಟ್ಟರೆ ಹೋಯ್ತು" ಅನ್ನುತ್ತಾರೆ. ಇದು 1974ರ ಭೂ ಸುಧಾರಣೆಯ ನೆನಪು. ಆಗ ಗೇಣಿದಾರರೇ ಜಮೀನಿನ ಒಡೆಯರಾದರು. ಆ ಕಾನೂನು ಕೃಷಿ ಜಮೀನಿನದ್ದು, ಕರಾರು ಪತ್ರ ಮಾಡಿಕೊಂಡು ಕೊಡುವ ವಾಸದ ಮನೆಗೆ ಆ ಕಥೆ ಬರೋದಿಲ್ಲ. 11 ತಿಂಗಳ ಕರಾರು, ಠೇವಣಿ, ಬಾಡಿಗೆ ಬ್ಯಾಂಕ್ ಖಾತೆಗೆ, ಇಷ್ಟಿದ್ದರೆ ಸಾಕು. ಒಂದು ಎಚ್ಚರ ಮಾತ್ರ: ಮನೆ ಜೊತೆ ತೋಟವನ್ನೂ ಸೇರಿಸಿ ಕೊಡಬೇಡಿ. ಕೃಷಿ ಜಮೀನು ಗೇಣಿಗೆ ಕೊಡೋದಕ್ಕೆ ನಮ್ಮ ರಾಜ್ಯದಲ್ಲಿ ಈಗಲೂ ನಿರ್ಬಂಧ ಇದೆ. ಕರಾರಿನಲ್ಲಿ ಮನೆ ಮಾತ್ರ ಬರಲಿ.

ಹೋಂಸ್ಟೇ ಬಗ್ಗೆ ಎರಡೇ ಮಾತು. ಗೋಕರ್ಣ, ಯಾಣ, ಹೊನ್ನಾವರದ ಆಸುಪಾಸು ಮನೆ ಇದ್ದು, ಮನೆಯಲ್ಲೇ ಇದ್ದು ಅಡುಗೆ ಮಾಡಿ ಬಡಿಸುವವರು ಇದ್ದರೆ ಅದು ಒಳ್ಳೆ ವ್ಯವಹಾರ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ ಧೈರ್ಯವಾಗಿ ಮಾಡಿ. ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ನಡೆಸುತ್ತೇನೆ ಅಂದರೆ ನಡೆಯೋದಿಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆ ಬಂದ್ ಆದರೆ ಬುಕ್ಕಿಂಗ್ ಎಲ್ಲ ವಾಪಸ್. ನಾನು ಮಾಡದೆ ಬಿಟ್ಟ ದಾರಿ ಇದೊಂದೇ.

ಯಾವಾಗ ಮಾರಬೇಕು

ನನ್ನ ಅಳತೆ ಇದು. ಮುಂದಿನ ಐದು ವರ್ಷದಲ್ಲಿ ಮನೆಯವರು ಯಾರಾದರೂ ಅಲ್ಲಿ ವಾಸಕ್ಕೆ ಹೋಗುವುದು ಖಚಿತವೇ? ಹೌದು ಅಂದರೆ ಇಟ್ಟುಕೊಳ್ಳಿ, ಅಲ್ಲಿಯವರೆಗೆ ಬಾಡಿಗೆಗೆ ಕೊಡಿ. "ನೋಡೋಣ" ಅನ್ನುವ ಉತ್ತರ ಬಂದರೆ ಅದನ್ನು ಇಲ್ಲ ಅಂತಲೇ ಓದಬೇಕು. ಬಾಡಿಗೆದಾರರೂ ಸಿಗದ ಮನೆ, ವರ್ಷದ ಖರ್ಚು ಹಂಚಿಕೊಳ್ಳಲು ಒಪ್ಪದ ಅಣ್ಣತಮ್ಮಂದಿರು, ಈ ಎರಡು ಸೇರಿದರೆ ಮಾಡು ಗಟ್ಟಿ ಇರುವಾಗಲೇ ಮಾರಿಬಿಡಿ. ಕುಸಿದ ಮೇಲೆ ಬರುವ ಗಿರಾಕಿ ಜಾಗಕ್ಕೆ ಮಾತ್ರ ಬೆಲೆ ಕಟ್ಟುತ್ತಾನೆ. ಮನೆ ಕೆಡವುವ ಖರ್ಚನ್ನೂ ಅದರಲ್ಲೇ ಕಳೆಯುತ್ತಾನೆ.

ಇನ್ನು, ಯೋಜನೆಯ ಸುದ್ದಿ ನಂಬಿ ಕಾಯುವವರು. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ, ಕೇಣಿಯಲ್ಲಿ ಬಂದರು, ಹುಬ್ಬಳ್ಳಿ–ಅಂಕೋಲಾ ರೈಲು. ರೈಲಿನ ಮಾತನ್ನು 1990ರ ದಶಕದಿಂದ ಕೇಳುತ್ತಲೇ ಇದ್ದೇವೆ. ಅದು ಬರುವವರೆಗೆ ಕಾಯುತ್ತೇನೆ ಅಂತ ಮನೆ ಇಟ್ಟುಕೊಂಡವರ ಮಾಡಿನ ಗತಿ ಏನಾಯಿತು ಅಂತ ನಾನು ನೋಡಿದ್ದೇನೆ. ಮತ್ತೆ ಯೋಜನೆ ನಿಜವಾಗಿ ಬಂದರೆ ನಿಮ್ಮ ಜಾಗದ ಬೆಲೆ ಏರಬಹುದು, ಇಲ್ಲಾ ನಿಮ್ಮ ಜಾಗವೇ ಸ್ವಾಧೀನಕ್ಕೆ ಹೋಗಬಹುದು. ನೌಕಾನೆಲೆಯ ಸೀಬರ್ಡ್ ಯೋಜನೆಗೆ ಜಾಗ ಬಿಟ್ಟವರನ್ನು ಕಾರವಾರದಲ್ಲಿ ಯಾರಿಗೂ ಪರಿಚಯ ಮಾಡಿಸಬೇಕಾಗಿಲ್ಲ.

ಇದ್ದ ಹಾಗೆ ಮಾರೋದೋ, ರಿಪೇರಿ ಮಾಡಿಸಿ ಮಾರೋದೋ?

ಎಲ್ಲರೂ ತಪ್ಪು ಮಾಡೋದು ಇಲ್ಲಿ. ನಾನೂ ಮಾಡಿದೆ. ಕಾರವಾರದಲ್ಲಿ ನಮ್ಮದೊಂದು ಸಣ್ಣ ಹಳೆ ಮನೆ ಇತ್ತು. ಮಾರುವ ಮುಂಚೆ ಹೊರಗೆ ಒಳಗೆ ಪೇಂಟ್ ಹೊಡೆಸಿದೆ, ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಿದೆ. ಬಂದ ಮೊದಲ ಗಿರಾಕಿ ಪೇಂಟನ್ನು ನೋಡಲೇ ಇಲ್ಲ. ಕೈಯಲ್ಲಿದ್ದ ಬೈಕ್ ಕೀಯಿಂದ ಸ್ಲ್ಯಾಬಿನ ಕೆಳಗೆ ತಟ್ಟಿದರು. ಒಂದು ಕಡೆ ಟೊಳ್ಳು ಸದ್ದು ಬಂತು. "ಇದಕ್ಕೇ ಪೇಂಟ್ ಹೊಡೆಸಿದ್ದಾ?" ಅಂತ ಕೇಳಿ ನಕ್ಕರು. ಹೊಸ ಬಣ್ಣ ಇದ್ದದ್ದರಿಂದಲೇ ಅವರಿಗೆ ಅನುಮಾನ ಬಂದಿದ್ದು.

ಅಲ್ಲಿಂದ ಕಲಿತದ್ದು ಇದು: ಗಿರಾಕಿ ಯಾರು ಅಂತ ಮೊದಲು ತಿಳಿದುಕೊಳ್ಳಿ. ನಮ್ಮ ಕಡೆ ಎರಡು ಜಾತಿಯ ಗಿರಾಕಿಗಳು. ಒಬ್ಬರು ಗುಂಟೆ ನೋಡಿ ಬರುವವರು, ಇನ್ನೊಬ್ಬರು ಕಂಬ ನೋಡಿ ಬರುವವರು.

ಗುಂಟೆ ನೋಡಿ ಬರುವವರಿಗೆ ನಿಮ್ಮ ಮನೆ ಅಡ್ಡ ಬಂದ ಸಾಮಾನು. ಕೆಡವಿ ಹೊಸದು ಕಟ್ಟುತ್ತಾರೆ. ಕಾರವಾರ, ಕುಮಟಾ, ಶಿರಸಿ ಪೇಟೆಯೊಳಗೆ ಹೆಚ್ಚಿನವರು ಇಂಥವರೇ. ಅವರಿಗಾಗಿ ಒಂದು ರೂಪಾಯಿಯನ್ನೂ ಮನೆಗೆ ಹಾಕಬೇಡಿ. ಗಡಿ ಅಳೆಸಿ ಕಲ್ಲು ನೆಡಿಸಿ, ಅಂಗಳದ ಗಿಡಗಂಟಿ ತೆಗೆಸಿ, ರಸ್ತೆ ಎಷ್ಟು ಅಗಲ ಅಂತ ತೋರಿಸಿ. ಒಂದು ಗುಂಟೆ ಅಂದರೆ 1,089 ಚದರ ಅಡಿ. ಆರು ಗುಂಟೆ ಅಂತ ಹೇಳಿ ಅಳೆದಾಗ ಐದೂಕಾಲು ಬಂದರೆ ಬೆಲೆ ಮಾತ್ರ ಅಲ್ಲ, ನಂಬಿಕೆಯೂ ಇಳಿಯುತ್ತದೆ.

ಕಂಬ ನೋಡಿ ಬರುವವರು ಬೆಂಗಳೂರಿನಿಂದ ಬರುತ್ತಾರೆ. ಹಲಸಿನ ಮರದ ಕಂಬ, ಚಿರೆಕಲ್ಲಿನ ಗೋಡೆ, ಜಗಲಿ, ಹೆಬ್ಬಾಗಿಲು ಅವರಿಗೆ ಬೇಕು. ಶಿರಸಿ ಸುತ್ತಿನ ಹಳ್ಳಿ ಮನೆಗಳಿಗೆ ಇವರು ಗಿರಾಕಿ. ಇವರಿಗೆ ಮಾರುವಾಗ ಕಂಬಕ್ಕೆ ಆಯಿಲ್ ಪೇಂಟ್ ಬಳಿಯೋದು, ಕೆಂಪು ನೆಲ ಕಿತ್ತು ಟೈಲ್ಸ್ ಹಾಕೋದು, ಚಿರೆಕಲ್ಲಿಗೆ ಸಿಮೆಂಟ್ ಮೆತ್ತೋದು, ಇವೆಲ್ಲ ಹಣ ಕೊಟ್ಟು ಬೆಲೆ ಇಳಿಸಿಕೊಂಡ ಹಾಗೆ. ಖರ್ಚು ಮಾಡೋದಾದರೆ ಮಾಡಿಗೆ ಮತ್ತು ಶೌಚಾಲಯಕ್ಕೆ ಮಾಡಿ. ಹಳೆ ಮನೆ ಎಷ್ಟೇ ಚಂದ ಇದ್ದರೂ ರಾತ್ರಿ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಲು ಪೇಟೆಯವರು ತಯಾರಿಲ್ಲ. ಮನೆಗೆ ಸೇರಿದ ಹಾಗೆ ಒಂದು ಚೊಕ್ಕ ಬಾತ್‌ರೂಮ್ ಇದ್ದರೆ ಮಾತು ಬೇಗ ಮುಗಿಯುತ್ತದೆ. ಕಂಬ, ಬಾಗಿಲನ್ನು ಬೇರೆಯಾಗಿ ಬಿಚ್ಚಿ ಮಾರುತ್ತೇನೆ ಅನ್ನುವ ಆಸೆ ಇದ್ದರೆ ಅದಕ್ಕೂ ಮುಂಚೆ ಅರಣ್ಯ ಇಲಾಖೆಯಲ್ಲಿ ಮರ ಸಾಗಿಸುವ ಪಾಸ್ ಬಗ್ಗೆ ವಿಚಾರಿಸಿ.

ಇಬ್ಬರಿಗೂ ಬೇಕಾದದ್ದು ನೀರು. ಏಪ್ರಿಲ್-ಮೇನಲ್ಲಿ ಬಾವಿಯಲ್ಲಿ ಎಷ್ಟು ನೀರಿದೆ ಅಂತ ಫೋಟೋ ತೆಗೆದಿಡಿ. ಕರಾವಳಿಯಲ್ಲಿ ಬೇಸಿಗೆಗೆ ನೀರು ಉಪ್ಪಾಗುತ್ತದೆಯೇ ಅನ್ನೋದು ಮೊದಲ ಪ್ರಶ್ನೆ. ಉಪ್ಪಾಗುವುದಾದರೆ ಮುಚ್ಚಿಡಬೇಡಿ, ಪಕ್ಕದ ಮನೆಯವರು ಹೇಗೂ ಹೇಳುತ್ತಾರೆ. ಇನ್ನೊಂದು ಪ್ರಶ್ನೆ ಇತ್ತೀಚೆಗೆ ಸೇರಿಕೊಂಡಿದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಎಲ್ಲರೂ ಮನೆ ಹಿಂದಿನ ಧರೆಯನ್ನು, ಅಂದರೆ ಗುಡ್ಡ ಕಡಿದ ಬದಿಯನ್ನು ನೋಡುತ್ತಾರೆ. ಗುಡ್ಡ ಕಡಿದು ಕಟ್ಟಿದ ಮನೆಯಾದರೆ ಮೇಲಿನ ನೀರು ಹರಿದು ಹೋಗುವ ಗಟಾರ ಸ್ವಚ್ಛ ಮಾಡಿಸಿ, ಧರೆಗೆ ಕಟ್ಟಿದ ಗೋಡೆ ಇದ್ದರೆ ತೋರಿಸಿ. ಪೇಂಟಿಗೆ ಹಾಕುವ ಹಣ ಅಲ್ಲಿಗೆ ಹೋಗಲಿ.

ಮಳೆಗಾಲದಲ್ಲಿ ಮನೆ ತೋರಿಸಬಾರದು ಅಂತ ಬ್ರೋಕರ್‌ಗಳು ಹೇಳುತ್ತಾರೆ. ನನ್ನ ಮಾತು ಉಲ್ಟಾ. ಮಾಡು ಸೋರದ ಮನೆಯಾದರೆ ಜುಲೈನಲ್ಲೇ ಕರೆಯಿರಿ. ಧೋ ಅಂತ ಸುರಿಯುವಾಗ ಒಳಗೆ ಕೂತು ಚಹಾ ಕುಡಿದ ಗಿರಾಕಿಗೆ ಬೇರೆ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ವ್ಯವಹಾರ ಕುದುರೋದು ಆಮೇಲೆಯೇ. ಆಷಾಢ, ಪಿತೃಪಕ್ಷದಲ್ಲಿ ಮುಂಗಡ ಕೊಡುವವರು ಕಡಿಮೆ. ಘಟ್ಟದ ಮೇಲೆ ಸ್ಥಳೀಯರು ಕೊಳ್ಳುವುದಾದರೆ ಅಡಿಕೆ ಮಾರಿ ದುಡ್ಡು ಕೈಗೆ ಬಂದ ಮೇಲೆ, ಅಂದರೆ ಜನವರಿ ದಾಟಿದ ಮೇಲೆ.

ಕಾಗದವೇ ಅರ್ಧ ಬೆಲೆ

ಮನೆ ಸಿದ್ಧ ಮಾಡೋದು ಅಂದರೆ ನಮ್ಮ ಜಿಲ್ಲೆಯಲ್ಲಿ ಮೊದಲು ಕಾಗದ ಸಿದ್ಧ ಮಾಡೋದು. ಇದಕ್ಕೆ ತಿಂಗಳುಗಟ್ಟಲೆ ಬೇಕು. ಗಿರಾಕಿ ಬಂದ ಮೇಲೆ ಶುರು ಮಾಡಿದರೆ ಅವರು ಕಾಯೋದಿಲ್ಲ. ನನ್ನ ಒಂದು ವ್ಯವಹಾರ ಹೀಗೇ ಮುರಿಯಿತು. ಕಚೇರಿಯೊಂದರಲ್ಲಿ ಅಜ್ಜನ ಹೆಸರು ಒಂದು ಅಕ್ಷರ ತಪ್ಪಾಗಿ ಏರಿತ್ತು. ಅದನ್ನು ತಿದ್ದಿಸಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಗಿರಾಕಿ ಕುಮಟಾದಲ್ಲಿ ಬೇರೆ ಮನೆ ಕೊಂಡಿದ್ದರು.

1862ರಿಂದ 1956ರವರೆಗೆ ನಾವು ಮುಂಬೈ ಆಡಳಿತದಲ್ಲಿ ಇದ್ದವರು. ಹಾಗಾಗಿ ಇಲ್ಲಿ ಪಹಣಿಗೆ ಉತಾರ, ಕೃಷಿಯೇತರ ಜಾಗಕ್ಕೆ ಬಿನ್‌ಶೇತ್ಕಿ, ಪಾಲಿಗೆ ಹಿಸ್ಸಾ ಅನ್ನೋದು ಇನ್ನೂ ಉಳಿದಿದೆ. ಬೆಂಗಳೂರಿನ ಗಿರಾಕಿಯ ವಕೀಲರಿಗೆ ಈ ಮಾತು ಅರ್ಥ ಆಗೋದಿಲ್ಲ, ನೀವೇ ಬಿಡಿಸಿ ಹೇಳಬೇಕು.

ಮೊದಲನೆಯದು, ಜಾಗ ಮಾಲ್ಕಿಯೇ, ಅಂದರೆ ನಿಮ್ಮ ಸ್ವಂತದ್ದೇ ಅನ್ನೋದು. ನಮ್ಮ ಜಿಲ್ಲೆಯ ಬಹುಪಾಲು ಅರಣ್ಯ. ಎಷ್ಟೋ ಮನೆಗಳು ಅತಿಕ್ರಮಣ ಜಾಗದಲ್ಲಿ ಇವೆ, ಮನೆ ನಂಬರ್, ಕರೆಂಟ್ ಎಲ್ಲಾ ಇರುತ್ತದೆ. ಅವನ್ನು ಮಾರಲು ಬರೋದಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೂ ಅದು ಮಕ್ಕಳಿಗೆ ಹೋಗುತ್ತದೆಯೇ ಹೊರತು ಪರರಿಗೆ ಮಾರುವ ಹಾಗಿಲ್ಲ. ಶಿರಸಿ ಕಡೆಯ ಸೊಪ್ಪಿನ ಬೆಟ್ಟವೂ ಹಾಗೆಯೇ. ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ತೋಟದ ಜೊತೆ ಬರುವ ಸವಲತ್ತು ಅದು, ನಿಮ್ಮ ಮಾಲ್ಕಿ ಅಲ್ಲ. "ಎರಡು ಎಕರೆ ತೋಟ, ಹತ್ತು ಎಕರೆ ಬೆಟ್ಟ ಮಾರಾಟಕ್ಕಿದೆ" ಅಂತ ಜಾಹೀರಾತು ಹಾಕುವವರನ್ನು ನೋಡಿದರೆ ನನಗೆ ನಗು ಬರುತ್ತದೆ.

ಎರಡನೆಯದು, ಪಾಲುದಾರರು. ಅಕ್ಕತಂಗಿಯರಿಗೆ ಪಾಲಿಲ್ಲ ಅಂತ ಇನ್ನೂ ತಿಳಿದುಕೊಂಡವರಿದ್ದಾರೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿ ಆ ಜಗಳವನ್ನೂ ಮುಗಿಸಿತು. ವಂಶವೃಕ್ಷದಲ್ಲಿ ಇರುವ ಪ್ರತಿಯೊಬ್ಬರೂ ಸಹಿ ಹಾಕಬೇಕು, ಇಲ್ಲಾ ಹಕ್ಕು ಬಿಟ್ಟುಕೊಟ್ಟ ಪತ್ರ ನೋಂದಣಿ ಆಗಿರಬೇಕು. ಅಮೆರಿಕದ ತಂಗಿ ಬರಲಾಗದಿದ್ದರೆ ಅಲ್ಲಿಂದ ಮುಖ್ತ್ಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿ ಕಳಿಸಬೇಕು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಪತ್ರವನ್ನು ಡ್ರಾಯರ್‌ನಲ್ಲಿ ಇಟ್ಟು ಮರೆಯಬೇಡಿ.

ಮೂರನೆಯದು ಖಾತೆ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ದಾಖಲೆ. ಪಟ್ಟಣದಲ್ಲಾದರೆ ಇ-ಖಾತೆ, ಪಂಚಾಯತ್‌ನಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಈಗ ಇವಿಲ್ಲದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಆಗೋದಿಲ್ಲ. ಪೂರ್ತಿ ಸಕ್ರಮವಲ್ಲದ ಆಸ್ತಿಗೆ ಕೊಡುವ 11ಬಿ ಇದ್ದರೆ ಮನೆಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ, ಅಷ್ಟರ ಮಟ್ಟಿಗೆ ಬೆಲೆ ಇಳಿಯುತ್ತದೆ. ಋಣಭಾರ ಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ನೀವೇ ತೆಗೆಸಿಕೊಳ್ಳಿ. ಅಪ್ಪ ಇಪ್ಪತ್ತು ವರ್ಷದ ಹಿಂದೆ ಸೊಸೈಟಿಯಲ್ಲಿ ತೆಗೆದ ಬೆಳೆ ಸಾಲ ತೀರಿದ್ದರೂ ಉತಾರದ ಮೇಲೆ ಭೋಜಾ (ಸಾಲದ ಹೊರೆ) ಹಾಗೇ ಕೂತಿರುತ್ತದೆ, ಅದನ್ನೂ ತೆಗೆಸಿ.

ಸಮುದ್ರದ ಹತ್ತಿರದ ಮನೆಗೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಸೇರಿಕೊಳ್ಳುತ್ತದೆ. ಕಾರವಾರ ಪಟ್ಟಣದೊಳಗೆ ಒಂದು ನಿಯಮ, ಹಳ್ಳಿಯ ದಂಡೆಯಲ್ಲಿ ಇನ್ನೊಂದು. ದಂಡೆಯಿಂದ 200 ಮೀಟರ್ ಒಳಗೆ ಹೊಸದಾಗಿ ಕಟ್ಟಲು ಬಿಡದ ಜಾಗಗಳೂ ಇವೆ. ಅಂಥಲ್ಲಿ ನಿಂತಿರುವ ಹಳೆ ಮನೆಗೇ ಬೆಲೆ, ಖಾಲಿ ಜಾಗಕ್ಕಲ್ಲ. ಗುಂಟೆ ಗಿರಾಕಿ ಅಲ್ಲಿ ಕೆಡವಿದರೆ ಮತ್ತೆ ಕಟ್ಟುವ ಗ್ಯಾರಂಟಿ ಇಲ್ಲ. ಇದನ್ನು ಅವರಿಗೆ ಮೊದಲೇ ಹೇಳಿಬಿಡಿ, ಕೋರ್ಟಿನ ಓಡಾಟ ಉಳಿಯುತ್ತದೆ.

ಕೈಗೆ ಎಷ್ಟು ಉಳಿಯುತ್ತದೆ

ಬ್ರೋಕರ್‌ಗೆ ಸಾಮಾನ್ಯವಾಗಿ 1ರಿಂದ 2 ಪರ್ಸೆಂಟ್. ಊರಿನಲ್ಲಿ ಇಲ್ಲದವರಿಗೆ ಅದು ದಂಡ ಅಲ್ಲ, ಹತ್ತು ಸಲ ಬಂದು ಹೋಗುವ ಖರ್ಚಿಗಿಂತ ಕಡಿಮೆಯೇ. ಒಬ್ಬರಿಗೇ ಕೊಡಿ. ಮೂವರಿಗೆ ಹೇಳಿದರೆ ಒಂದೇ ಮನೆ ಮೂರು ಬೆಲೆಗೆ ಓಡಾಡುತ್ತದೆ.

ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಕೊಳ್ಳುವವರದ್ದು. ಆದರೂ ನಿಮಗೆ ಗೊತ್ತಿರಲಿ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ 1 ಪರ್ಸೆಂಟ್‌ನಿಂದ 2ಕ್ಕೆ ಏರಿದೆ. 5 ಪರ್ಸೆಂಟ್ ಮುದ್ರಾಂಕ, ಅದರ ಮೇಲಿನ ಸೆಸ್ ಎಲ್ಲಾ ಸೇರಿ ಕೊಳ್ಳುವವರಿಗೆ ಏಳೂವರೆ ಪರ್ಸೆಂಟ್ ದಾಟುತ್ತದೆ. ಅದಕ್ಕೇ "ಪತ್ರದಲ್ಲಿ ಕಡಿಮೆ ತೋರಿಸಿ, ಉಳಿದದ್ದು ಕೈಗೆ ಕೊಡ್ತೀನಿ" ಅನ್ನುವ ಮಾತು ಬರುತ್ತದೆ. ಒಪ್ಪಬೇಡಿ. ಸ್ಥಿರಾಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳೋದು ತೆಗೆದುಕೊಂಡವರಿಗೆ. ನೀವು ಭಾರತದಲ್ಲೇ ವಾಸ ಇರುವವರಾಗಿದ್ದು, ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು 1 ಪರ್ಸೆಂಟ್ ಹಿಡಿದು ನಿಮ್ಮ ಪ್ಯಾನ್ ಮೇಲೆ ಕಟ್ಟುತ್ತಾರೆ. ಅದು ಹೋದ ಹಣ ಅಲ್ಲ, ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆಯ ಲಾಭಕ್ಕೆ ಈಗ ತೆರಿಗೆ 12.5 ಪರ್ಸೆಂಟ್. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಗೆ, ಭಾರತದಲ್ಲೇ ವಾಸ ಇರುವವರಿಗೆ, ಹಳೆಯ ದಾರಿಯೂ ಇದೆ: ಬೆಲೆಯೇರಿಕೆ ಸೂಚ್ಯಂಕದಲ್ಲಿ ಅಸಲನ್ನು ಹಿಗ್ಗಿಸಿ, ಉಳಿದ ಲಾಭಕ್ಕೆ 20 ಪರ್ಸೆಂಟ್. ಯಾವುದು ಕಡಿಮೆಯೋ ಅದು. ನೀವೇ 1995ರಲ್ಲಿ ಕಟ್ಟಿಸಿದ ಮನೆ, 50 ಲಕ್ಷಕ್ಕೆ ಮಾರುತ್ತೀರಿ ಅಂತ ಇಟ್ಟುಕೊಳ್ಳಿ. ಹಳೆಯ ಮನೆಗೆ 2001ರ ಏಪ್ರಿಲ್ 1ರ ಬೆಲೆಯನ್ನೇ ಅಸಲು ಅಂತ ಹಿಡಿಯಬಹುದು. ಆ ಬೆಲೆ 5 ಲಕ್ಷವಾದರೆ ಹೊಸ ದಾರಿಯಲ್ಲಿ 45 ಲಕ್ಷಕ್ಕೆ ತೆರಿಗೆ ಸುಮಾರು 5.63 ಲಕ್ಷ. ಹಳೆ ದಾರಿಯಲ್ಲಿ, 2025-26ರ ಸೂಚ್ಯಂಕ 376ರಂತೆ ಅಸಲು 18.8 ಲಕ್ಷ ಆಗುತ್ತದೆ, ತೆರಿಗೆ 6.24 ಲಕ್ಷ. ಹೊಸದೇ ಲೇಸು. ಅದೇ 2001ರ ಬೆಲೆ 10 ಲಕ್ಷ ಇದ್ದಿದ್ದರೆ? ಹೊಸ ದಾರಿಯಲ್ಲಿ 5 ಲಕ್ಷ, ಹಳೆಯದರಲ್ಲಿ 2.48 ಲಕ್ಷ. ಅರ್ಧಕ್ಕರ್ಧ. ಹಾಗಾಗಿ ನೋಂದಾಯಿತ ವ್ಯಾಲ್ಯುಯರ್ ಹತ್ತಿರ 2001ರ ಬೆಲೆಯ ವರದಿ ಮಾಡಿಸಿ. ಆಗಿನ ಸರ್ಕಾರಿ ಮಾರ್ಗಸೂಚಿ ಬೆಲೆಗಿಂತ ಜಾಸ್ತಿ ತೋರಿಸಲು ಬರೋದಿಲ್ಲ ಅನ್ನೋದು ನೆನಪಿರಲಿ.

ಆ ಲಾಭದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ಅಷ್ಟರ ಮಟ್ಟಿಗೆ ತೆರಿಗೆ ಇಲ್ಲ. ಮನೆ ಬೇಡ ಅಂದರೆ ಆರು ತಿಂಗಳೊಳಗೆ ನಿಗದಿತ ಸರ್ಕಾರಿ ಸಂಸ್ಥೆಗಳ ಬಾಂಡ್‌ನಲ್ಲಿ 50 ಲಕ್ಷದವರೆಗೆ ಐದು ವರ್ಷಕ್ಕೆ ಇಡಬಹುದು. ಹಳ್ಳಿಯ ಅಡಿಕೆ ತೋಟ ಮಾರಿದರೆ ಲೆಕ್ಕವೇ ಬೇರೆ. ಶಿರಸಿಯಂಥ, 1 ಲಕ್ಷದೊಳಗೆ ಜನಸಂಖ್ಯೆ ಇರುವ ಪಟ್ಟಣದ ಗಡಿಯಿಂದ 2 ಕಿಲೋಮೀಟರ್ ಆಚೆ ಇರುವ ಕೃಷಿ ಜಮೀನಿಗೆ ಈ ತೆರಿಗೆಯೇ ಬರೋದಿಲ್ಲ. ಅದಕ್ಕೇ ಮನೆ ಮತ್ತು ತೋಟ ಒಟ್ಟಿಗೆ ಮಾರುವಾಗ ಪತ್ರದಲ್ಲಿ ಎರಡರ ಬೆಲೆಯನ್ನೂ ಬೇರೆ ಬೇರೆ ಬರೆಸಿ. ಒಂದೇ ಮೊತ್ತ ಬರೆಸಿದ ಮೇಲೆ ಬಿಡಿಸೋದು ಕಷ್ಟ. ಕೃಷಿಕರಲ್ಲದವರು ಜಮೀನು ಕೊಳ್ಳುವ ಹಾಗಿಲ್ಲ ಅನ್ನುವ ತಡೆ 2020ರಲ್ಲೇ ಹೋಗಿದೆ, ಆದ್ದರಿಂದ ಬೆಂಗಳೂರಿನ ಗಿರಾಕಿ ತೋಟ ಸಮೇತ ಕೊಳ್ಳಬಹುದು.

ನಮ್ಮ ಶಿರಸಿ ಮನೆಯನ್ನು ಕೊನೆಗೆ ಮಾರಲಿಲ್ಲ. ಮಾಡು ರಿಪೇರಿ ಮಾಡಿಸಿ, ಊರಿನ ಶಾಲೆಯ ಮೇಷ್ಟ್ರ ಕುಟುಂಬಕ್ಕೆ ಕೊಟ್ಟೆವು. ಬಾಡಿಗೆ ಹೆಸರಿಗೆ ಮಾತ್ರ. ಕಾರವಾರದ ಮನೆಯನ್ನು ಟೊಳ್ಳು ಸ್ಲ್ಯಾಬ್ ತೋರಿಸಿಯೇ, ಅದರ ಖರ್ಚು ಬಿಟ್ಟುಕೊಟ್ಟು ಮಾರಿದೆವು. ಕೀ ಕೊಡುವ ದಿನ ಹೆಸ್ಕಾಂ ಮೀಟರಿನ ರೀಡಿಂಗ್ ಫೋಟೋ ತೆಗೆದುಕೊಂಡೆ. ಆರ್‌ಆರ್ ನಂಬರ್ ಹೆಸರು ಬದಲಿಸುವ ಅರ್ಜಿಗೆ ಅಲ್ಲೇ ಇಬ್ಬರೂ ಸಹಿ ಹಾಕಿದೆವು. ಅಮ್ಮ ತುಳಸಿ ಕಟ್ಟೆಯಿಂದ ಒಂದು ಸಸಿ ಕಿತ್ತು ಡಬ್ಬಿಯಲ್ಲಿ ಹಾಕಿಕೊಂಡಳು. ಪತ್ರದಲ್ಲಿ ಅದನ್ನು ಬರೆಸಿರಲಿಲ್ಲ.